ಏನೂ ನಾರಂಗಿಲ್ಲ, ದೊಡ್ಡವ್ವ

ಸಿಂದಗಿಯ ಬೀಗರ ಮನೆಯಲ್ಲಿ ಬಹಳ ದಿನ ಉಂಡು ತಿರುಗಾಡಿ ನಿನ್ನೆ ಸಂಜೆ ಇಂಡಿಗೆ ಮರಳಿದೆವು. ಕೀಲಿ ತೆಗೆದು ಒಳಗೆ ಕಾಲಿಟ್ಟದ್ದೇ ತಡ, ಗಟಾರದ ವಾಸನೆ ಮೂಗಿಗೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತು ಮುಖ ಕಿವುಚಿದೆ. ನನ್ನ ಹೆಂಡತಿ ಶೋಭಾ ಕೈಚೀಲವನ್ನು ಕೆಳಗಿಟ್ಟು, ಅತ್ತ ಇತ್ತ ನೋಡದೆ, ಅಡುಗೆಮನೆಯಿಂದ ಒಂದು ತಂಬಿಗೆ ನೀರು ತುಂಬಿಕೊಂಡು ನೆಟ್ಟಗೆ ಹಿಂದಿನ ಖೋಲಿಯ ಬಚ್ಚಲಿಗೆ ಹೋದಳು. ನೆಲದ ಜಾಲರಿಯ ಮೇಲೆ ಅದನ್ನು ಸುರಿದು ಬಂದು, “ಕಿಡಕಿ ಎಲ್ಲಾ ತಗೀರಿ” ಎಂದಳು. ಚಹಾ ಕುದಿಯುವ ಹೊತ್ತಿಗೆ ವಾಸನೆ ಇಳಿಯತೊಡಗಿತ್ತು.

ಇಷ್ಟು ಸುಲಭವೇ ಎಂದು ನೀವು ಕೇಳಬಹುದು. ಇಷ್ಟೇ ಸುಲಭ. ಆ ಜಾಲರಿಯ ಕೆಳಗೆ ಬಟ್ಟಲಿನಂಥ ಒಂದು ಬಾಗು ಇರುತ್ತದೆ. ಬಿದ್ದ ನೀರಿನಲ್ಲಿ ಒಂದಿಷ್ಟು ಅಲ್ಲಿಯೇ ನಿಂತು, ಕೆಳಗಿನ ಕೆಟ್ಟ ಗಾಳಿ ಮೇಲಕ್ಕೆ ಬಾರದಂತೆ ತಡೆದಿರುತ್ತದೆ. ಬಹಳ ದಿನ ನೀರೇ ಬೀಳದಿದ್ದರೆ, ಅದರಲ್ಲೂ ನಮ್ಮ ಕಡೆಯ ಬಿಸಿಲಿಗೆ, ಅದು ಆರಿಹೋಗಿ ಗಟಾರಕ್ಕೂ ಮನೆಗೂ ನಡುವೆ ಏನೂ ಉಳಿಯುವುದಿಲ್ಲ. ಇದನ್ನು ಈಗ ನಾನು ಯಾರಿಗೆ ಬೇಕಾದರೂ ಬೆರಳಾಡಿಸಿ ಹೇಳಬಲ್ಲೆ. ತಿಳಿಯಬೇಕಾದ ಹೊತ್ತಿನಲ್ಲಿ ಮಾತ್ರ ತಿಳಿದಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಮ್ಮ ತಂಬಿಗೆಯ ನೀರಿನ ಜಾಣತನ ಆ ಜಾತಿಯದು.

ನಮ್ಮ ದೊಡ್ಡವ್ವನ ವಿಷಯ ಹೇಳುತ್ತಿದ್ದೇನೆ. ಅವಳು ನನ್ನ ತಾಯಿಯ ಅಕ್ಕ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಕೊಟ್ಟಿದ್ದರು. ಬೇಸಿಗೆ ರಜೆ ಬಂತೆಂದರೆ ನಮ್ಮವ್ವ ನನ್ನನ್ನು ಅಲ್ಲಿಗೆ ಅಟ್ಟಿಬಿಡುತ್ತಿದ್ದಳು. ಹೊಳೆಯಲ್ಲಿ ಈಜಿ, ಹೊಲದಲ್ಲಿ ಹೊರಳಾಡಿ, ನಾನು ಅಲ್ಲಿಂದ ಕರಿ ಗಡಿಗೆಯ ಬಣ್ಣಕ್ಕೆ ಬಂದು ಮನೆ ಸೇರುತ್ತಿದ್ದೆ. ದೊಡ್ಡವ್ವನ ಮೂಗು ಇಡೀ ಊರಿಗೆ ಗೊತ್ತಿತ್ತು. ಹಾಲು ಒಡೆಯುವ ಮುಂಚೆ ಅವಳಿಗೆ ಗೊತ್ತಾಗುತ್ತಿತ್ತು. ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿ ತೆರೆದರೆ ಜೋಳಕ್ಕೆ ತಂಪು ಹತ್ತಿದೆಯೋ ಇಲ್ಲವೋ ನೋಡಲು ಗಂಡಸರು ಕೈ ಹಾಕುತ್ತಿದ್ದರು, ಅವಳು ದೂರದಿಂದಲೇ ಹೇಳುತ್ತಿದ್ದಳು. ಹೇಳಿದ್ದು ತಪ್ಪಿದ್ದನ್ನು ನಾನಂತೂ ಕಾಣೆ.

ಮೂಗಿಗೆ ಹತ್ತಿದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ಅವಳ ಮಗಳನ್ನು ನೋಡಲು ಬಾಗೇವಾಡಿ ಕಡೆಯಿಂದ ಗಂಡಿನವರು ಬಂದಿದ್ದರು. ಗಂಡಿನ ಸೋದರಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗತ್ತಿನಿಂದ ಕುಳಿತಿದ್ದ. ದೊಡ್ಡವ್ವ ಅವಲಕ್ಕಿಯ ತಾಟು ಅವನ ಮುಂದೆ ಇಟ್ಟವಳೇ ನಿಂತುಬಿಟ್ಟಳು. “ಮಾವಾರ, ನಿಮ್ಮ ಅಂಗಿ ಹಸಿ ಇದ್ದಾಗ ಮಡಚಿ ಇಟ್ಟಾರ್ರಿ. ಮುಗ್ಗು ವಾಸನಿ ಬರಾಕತ್ತೈತಿ. ಕೊಡ್ರಿ ಇಲ್ಲೆ, ಬಿಸಲಿಗಿ ಹಾಕ್ತೇನಿ.” ಆ ಮನುಷ್ಯ ಒಂದು ಕ್ಷಣ ಅವಳನ್ನು ನೋಡಿ, ಅಂಗಿ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲಿ ಕುಳಿತು ಅವಲಕ್ಕಿ ತಿಂದ. ಸಂಬಂಧ ಅವತ್ತೇ ಕುದುರಿತು. ಇಂಥ ಮನೆಯಲ್ಲಿ ಒಳಗೊಂದು ಹೊರಗೊಂದು ಇರುವುದಿಲ್ಲ ಎಂದು ಅವನೇ ಹೋಗಿ ಹೇಳಿದನಂತೆ.

ನಮ್ಮ ಮಂದಿಯೇ ಹಾಗೆ. ಮೈಸೂರು ಕಡೆಯವರಿಗೆ ನಾವು ಮಾತಾಡಿದರೆ ಜಗಳಾಡಿದಂತೆ ಕೇಳುತ್ತದೆಯಂತೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ನಮ್ಮಲ್ಲೂ ಉಂಟು, ಆದರೆ ಒದ್ದವರನ್ನು ನಾನು ಕಂಡಿಲ್ಲ. “ಹೌದೇನು?” ಎಂದು ಕೇಳಿ, ಮುಖ ತೊಳೆದು ಬಂದು, ಮತ್ತೆ ಊಟಕ್ಕೆ ಕೂರುತ್ತಾರೆ.

ಇನ್ನೊಂದು ಮಾತು ಹೇಳದಿದ್ದರೆ ದೊಡ್ಡವ್ವನ ಪರಿಚಯ ಅರ್ಧವೇ ಆಗುತ್ತದೆ. ನಮ್ಮ ಬಳಗದಲ್ಲಿ ಯಾವ ಕೂಸು ಹುಟ್ಟಿದರೂ ಎರೆಯಲು ಅವಳೇ ಬರಬೇಕು. ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದಳು. ಆಮೇಲೆ ಅದರ ನೆತ್ತಿಯನ್ನು ಮೂಸಿ, “ಹೊಟ್ಟಿ ಆರಾಮ ಐತಿ ಇದರದು” ಎಂದೋ, “ತಾಯಿಗಿ ಶೇಂಗಾ ತಿನ್ನಾಕ ಕೊಡಬ್ಯಾಡ್ರಿ” ಎಂದೋ ತೀರ್ಪು ಕೊಡುತ್ತಿದ್ದಳು. ನನ್ನನ್ನು ಎರೆದವಳೂ ಅವಳೇ, ನನ್ನ ಮಗಳನ್ನು ಎರೆದವಳೂ ಅವಳೇ.

ವಯಸ್ಸಾದ ಮೇಲೆ ಅವಳ ಮಂಡಿಗಳು ಕೈಕೊಟ್ಟವು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕಮೋಡೇ ಆಗಬೇಕು, ಜಾರಿ ಬಿದ್ದರೆ ಮಾತ್ರ ಯಾರಿಂದಲೂ ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದರು. ತಂಗಡಗಿಯ ಮನೆಯಲ್ಲಿ ಕಮೋಡು ಇರಲಿಲ್ಲ. ಮಗ ಕಟ್ಟಿಸಲು ಹಚ್ಚಿದ್ದ, ಮುಗಿಯಲು ಬೇಸಿಗೆ ಕಳೆಯಬೇಕಿತ್ತು. ನಾನಾದರೋ ಆಗಷ್ಟೇ ಹೊಸ ಮನೆ ಕಟ್ಟಿಸಿದ್ದೆ, ಹಿಂದಿನ ಖೋಲಿಗೆ ಹತ್ತಿಕೊಂಡೇ ಕಮೋಡಿನ ಬಚ್ಚಲು ಮಾಡಿಸಿದ್ದೆ. ಬಂದವರಿಗೆಲ್ಲ ದೇವರಮನೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದೆನೆಂದು ಶೋಭಾ ಈಗಲೂ ಆಡಿಕೊಳ್ಳುತ್ತಾಳೆ. “ನಮ್ಮ ಮನಿಗಿ ನಡಿ ದೊಡ್ಡವ್ವ” ಎಂದು ನಾನೇ ಹೋಗಿ ಕರೆತಂದೆ.

ಡಾಕ್ಟರ ಮಾತು ನಮ್ಮ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತಿತ್ತು. ಆ ಬಚ್ಚಲಿನ ನೆಲಕ್ಕೆ ಜಾಲರಿಯೂ ಮುಚ್ಚುವಂತೆ ರಬ್ಬರಿನ ಚಾಪೆ ಹಾಸಿದೆ. ಒಂದು ಹನಿ ನೀರು ಬಿದ್ದರೂ ಶೋಭಾ ಓಡಿಬಂದು ಒಣ ಅರಿವೆಯಿಂದ ಒರೆಸುತ್ತಿದ್ದಳು. ಜಳಕ ಅಲ್ಲಿ ಬೇಡವೇ ಬೇಡವೆಂದು, ಹಿತ್ತಲ ಕಡೆಯ ದೊಡ್ಡ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂಡಿಸಿ ಅವಳೇ ನೀರು ಹಾಕುತ್ತಿದ್ದಳು. ದೊಡ್ಡವ್ವನನ್ನು ನಾವು ಅಷ್ಟು ಜೋಪಾನ ಮಾಡಿದೆವು. ಆ ಜೋಪಾನವೇ ನೆಲದ ಕೆಳಗಿನ ನೀರನ್ನು ಆರಿಸುತ್ತಿತ್ತು.

ಬಿಸಿಲು ಏರಿದಂತೆ ವಾಸನೆ ಶುರುವಾಯಿತು. ಮೊದಮೊದಲು ಎಳೆಯಷ್ಟು, ಆಮೇಲೆ ಹಿಂದಿನ ಖೋಲಿಯ ಬಾಗಿಲು ತೆರೆದರೆ ಸಾಕು, ಪಡಸಾಲೆಯವರೆಗೆ. ನಾನು ಇಂಡಿಯಲ್ಲಿ ರೈತರ ನಿಂಬೆಕಾಯಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವವನು. ಹಗಲೆಲ್ಲ ನಿಂಬೆಯ ರಾಶಿಗಳ ನಡುವೆ ಕುಳಿತು ಬಂದ ನನ್ನ ಮೂಗಿಗೂ ಹತ್ತಿತೆಂದರೆ ನೀವೇ ಲೆಕ್ಕ ಹಾಕಿ. ಹುಡುಕಾಟಕ್ಕೆ ಇಳಿದೆ. ಮೊದಲು ಸಂಶಯ ಬಂದದ್ದು ಪಕ್ಕದ ಮನೆಯವರ ಗಟಾರದ ಮೇಲೆ. ಕೇಳಲು ಹೋದರೆ ಆ ಮಹರಾಯ, “ಬರ್ರಿ, ಒಳಗ ಬಂದು ಮೂಸಿ ನೋಡ್ರಿ” ಎಂದು ಮನೆಯೆಲ್ಲ ತಿರುಗಿಸಿ, ಚಹಾ ಕುಡಿಸಿ ಕಳಿಸಿದ. ಅವನ ಮನೆಯಲ್ಲಿ ಒಗ್ಗರಣೆಯ ಘಮ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಹೆಗ್ಗಣ ಸತ್ತಿರಬೇಕೆಂದು ಅಟ್ಟದ ಸಾಮಾನೆಲ್ಲ ಇಳಿಸಿದೆ. ದೊಡ್ಡವ್ವ ಗುಡಿಗೆ ಹೋದ ಹೊತ್ತು ನೋಡಿ ಸೆಪ್ಟಿಕ್ ಟ್ಯಾಂಕು ತೆಗೆಸಿ ಖಾಲಿ ಮಾಡಿಸಿದೆ. ಬಚ್ಚಲಿನ ಗಾಳಿ ಹೊರಗೆ ಎಳೆಯುವ ಫ್ಯಾನು ಹಚ್ಚಿದರೆ ವಾಸನೆ ಇನ್ನೂ ಹೆಚ್ಚುತ್ತಿತ್ತು. ಅದು ಕೆಳಗಿನ ಗಾಳಿಯನ್ನೇ ಮೇಲಕ್ಕೆ ಜಗ್ಗುತ್ತಿತ್ತೆಂದು ಆಗ ಯಾರಿಗೆ ಗೊತ್ತು? ಸಾಲೋಟಗಿಯ ತೋಟದಿಂದ ಬಂದ ಒಳ್ಳೆ ನಿಂಬೆಹಣ್ಣುಗಳನ್ನು ಕೊಯ್ದು ಖೋಲಿಯ ಮೂಲೆ ಮೂಲೆಗೆ ಇಟ್ಟೆ. ಬೆಳಿಗ್ಗೆ ಊದಿನಕಡ್ಡಿ, ಸಂಜೆ ಲೋಬಾನ.

ಇದನ್ನೆಲ್ಲ ದೊಡ್ಡವ್ವನಿಗೆ ಹೇಳದೆ ಮಾಡಿದೆವು. ಯಾಕೆಂದರೆ, ನೋಡಿ, ಹೊಸ ಮನೆ. ಅಷ್ಟು ಮೆರೆದು ಕರೆತಂದಿದ್ದೇನೆ. ಅವಳ ಮೂಗಿನ ಮುಂದೆ ನನ್ನ ಮನೆ ನಾರುತ್ತದೆಂದು ಹೇಗೆ ಒಪ್ಪಿಕೊಳ್ಳಲಿ? ಅವಳೇ ಎಂದಾದರೂ “ಏನೋ ಇದು, ಗಟಾರದಾಗ ಮನಿ ಕಟ್ಟಿಸೀಯೇನು?” ಎಂದು ಕೇಳುತ್ತಾಳೆಂದು ಎದೆ ಹಿಡಿದುಕೊಂಡು ಕಾಯುತ್ತಿದ್ದೆ. ಅವಳು ಕೇಳಲಿಲ್ಲ. ಬಂದಿಳಿದ ಮನೆ ಎಂದು ಮರ್ಯಾದೆಗೆ ಸುಮ್ಮನಿದ್ದಾಳೆ ಎಂದುಕೊಂಡೆ. ಜೀವಮಾನದಲ್ಲಿ ಯಾರ ಮರ್ಯಾದೆಗೂ ಸುಮ್ಮನಿರದವಳು ನನ್ನ ಮನೆಗೆ ಬಂದು ಅದನ್ನು ಯಾಕೆ ಕಲಿಯುತ್ತಾಳೆ ಎಂದು ನನಗೆ ಹೊಳೆಯಲಿಲ್ಲ.

ಈ ನಡುವೆ ಒಂದು ಬೆಳಿಗ್ಗೆ, ಎದ್ದು ಕಮೋಡಿನವರೆಗೆ ಹೋಗುವುದರೊಳಗೆ ದೊಡ್ಡವ್ವನ ಹಾಸಿಗೆ ತುಸು ಒದ್ದೆಯಾಯಿತು. ಆಪರೇಶನ್ ಆದ ಹೊಸತು, ವಯಸ್ಸೂ ಆಗಿತ್ತು, ಅದೇನು ದೊಡ್ಡ ಮಾತೇ? ಶೋಭಾ ಏನೂ ಅನ್ನದೆ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಅಂದಿನಿಂದ ದೊಡ್ಡವ್ವ ದಿನಕ್ಕೆ ಎರಡು ಸಲ ಜಳಕ ಕೇಳತೊಡಗಿದಳು. ಸೀರೆಯ ನೆರಿಗೆಯನ್ನು ತಾನೇ ತೊಳೆದು ಹಿಂಡಿ ಹಾಕುತ್ತಿದ್ದಳು. ಸಂಜೆಯಾದ ಮೇಲೆ ನೀರು ಕೊಟ್ಟರೆ, “ಬ್ಯಾಡವ್ವಾ, ಸಾಕು” ಎನ್ನುತ್ತಿದ್ದಳು. ನಮ್ಮ ಊರ ಬೇಸಿಗೆಯಲ್ಲಿ ನೀರು ಬೇಡವೆನ್ನುವವರನ್ನು ನೀವು ಕಂಡಿದ್ದೀರಾ? ಶೋಭಾ ಒಮ್ಮೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ, “ನೋಡ್ರಿ, ಈ ವಾಸನಿ ದೊಡ್ಡವ್ವಾರದ...” ಎಂದು ತಡೆದಳು. ನಾನು ಮುಂದೆ ಮಾತಾಡಗೊಡಲಿಲ್ಲ. ಆದರೆ ಅದೇ ವಿಚಾರ ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಅಂಗಡಿಯಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದೆ. ದೊಡ್ಡವ್ವ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕುಳಿತಳು, ಕುರ್ಚಿಯನ್ನು ನನ್ನಿಂದ ದೂರ ಸರಿಸಿಕೊಂಡು.

“ತಮ್ಮಾ, ಒಂದ ಮಾತು ಕೇಳ್ತೇನಿ. ಖರೇ ಹೇಳು.”

“ಕೇಳು ದೊಡ್ಡವ್ವ.”

“ಮನ್ಯಾಗ ಏನರ ನಾರಾಕತ್ತೈತೇನು?”

ಕೊನೆಗೂ ಸಿಕ್ಕಿಬಿದ್ದೆ ಎಂದುಕೊಂಡೆ. “ಇಲ್ಲಲ್ಲ! ಏನೂ ನಾರಂಗಿಲ್ಲ, ದೊಡ್ಡವ್ವ. ಹೊಸಾ ಮನಿ, ಏನ್ ನಾರತೈತಿ?” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮತ್ತೆ, “ಹಂಗಾರ ಆತ ಬಿಡು” ಎಂದಳು.

ಆ ಮೂಗಿಗೆ ಮಣ್ಣೆರಚಿದೆನೆಂದು ನಾನು ಒಳಗೊಳಗೆ ಹಿಗ್ಗಿದೆ. ಹೆಂಡತಿಗೆ ಹೇಳಿ ನಕ್ಕೆ ಕೂಡ. ಆ ವಾರವೇ ದೊಡ್ಡವ್ವ ಊರಿಗೆ ಹೋಗುತ್ತೇನೆಂದು ಹಟ ಹಿಡಿದಳು. ಅಲ್ಲಿ ಕಮೋಡಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. “ಮನಿ ನೆನಪಾಗೇತಿ ನನಗ” ಎಂಬ ಒಂದೇ ಮಾತು. ಕಾರಿನಲ್ಲಿ ಕಿಟಕಿಯ ಗಾಜು ಇಳಿಸಿ, ಆ ಬಿಸಿಗಾಳಿಗೆ ಮುಖ ಒಡ್ಡಿ, ತಂಗಡಗಿಯವರೆಗೂ ಹಾಗೇ ಕುಳಿತಿದ್ದಳು.

ಅವಳು ಹೋದ ಮೇಲೆ ಶೋಭಾ ರಬ್ಬರ್ ಚಾಪೆ ಎತ್ತಿ, ಬಕೆಟುಗಟ್ಟಲೆ ನೀರು ಹಾಕಿ ಖೋಲಿಯನ್ನೂ ಬಚ್ಚಲನ್ನೂ ತೊಳೆದಳು. ಮರುದಿನ ನೋಡಿದರೆ ವಾಸನೆ ಮಾಯ. ನಾವಿಬ್ಬರೂ ಖೋಲಿಯ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ದೊಡ್ಡವ್ವ ಹೋದಳು, ವಾಸನೆ ಹೋಯಿತು. ಪಾಪ, ವಯಸ್ಸಾದ ಮೇಲೆ ಎಲ್ಲರದೂ ಇದೇ ಪಾಡು ಎಂದುಕೊಂಡು ಮನಸ್ಸಿನಲ್ಲೇ ಅವಳನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಟ್ಟೆ. ನನ್ನ ಬದುಕಿನಲ್ಲಿ ನಾನು ನಾಚಿಕೊಳ್ಳುವ ಗಳಿಗೆಗಳು ಬೇರೆಯೂ ಇವೆ, ಆದರೆ ಆ ಕ್ಷಮೆಯನ್ನು ನೆನೆದಾಗ ಆಗುವಷ್ಟು ನಾಚಿಕೆ ಬೇರೆ ಯಾವುದಕ್ಕೂ ಆಗುವುದಿಲ್ಲ.

ಖೋಲಿಗೆ ಕೀಲಿ ಹಾಕಿದೆವು. ಬೇಸಿಗೆ ಇನ್ನೂ ಇತ್ತು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಪಡಸಾಲೆಯಲ್ಲೇ ನಿಂತೆ. ಅದೇ ವಾಸನೆ. ಶೋಭಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಈಗ ನಾರಾಕ ಯಾರದಾರ್ರಿ ಆ ಖೋಲ್ಯಾಗ?” ಎಂದಳು.

ಇಬ್ಬರೂ ಕೀಲಿ ತೆಗೆದು ಒಳಗೆ ಹೋದೆವು. ಹಾಸಿಗೆ ಇಲ್ಲ, ಅರಿವೆ ಇಲ್ಲ, ಮನುಷ್ಯರಿಲ್ಲ. ಬಚ್ಚಲ ನೆಲ ಎಲುಬಿನಂತೆ ಒಣಗಿತ್ತು. ಶೋಭಾ ಮಂಡಿಯೂರಿ ಜಾಲರಿಯ ಹತ್ತಿರ ಮೂಗು ಒಯ್ದು ಥಟ್ಟನೆ ಹಿಂದೆ ಸರಿದಳು. ಆಮೇಲೆ ಕುಳಿತಲ್ಲೇ ಕುಳಿತು ಯೋಚಿಸಿದಳು. ತೊಳೆದ ಮರುದಿನ ವಾಸನೆ ಇರಲಿಲ್ಲ, ಒಣಗಿದ ಮೇಲೆ ಬಂದಿದೆ. ದೊಡ್ಡವ್ವ ಇದ್ದಾಗಲೂ ಒಣಗಿಯೇ ಇತ್ತು, ಒಣಗಿಸಿದವರು ನಾವೇ. ಎದ್ದು ಹೋಗಿ ಒಂದು ಬಕೆಟು ನೀರು ತಂದು ಸುರಿದಳು. ಸಂಜೆಗೆ ಮನೆ ಮನೆಯಂತಾಯಿತು. ಅವಳು ದೇವರಮನೆಯ ಮುಂದೆ ಕುಳಿತು ಅಳುತ್ತಿದ್ದಳು.

ಮರುದಿನವೇ ನಾನು ಹೊರಟೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ದೊಡ್ಡವ್ವನಿಗೆ ಏನೆಂದು ಹೇಳಬೇಕೆಂಬುದನ್ನು ಹುಡುಗರು ಪಾಠ ಒಪ್ಪಿಸುವಂತೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ತಂಗಡಗಿಯ ಮನೆಯಲ್ಲಿ ಅವಳ ಸೊಸೆ ಬಾಗಿಲಲ್ಲೇ ಹೇಳಿದಳು: “ಇಂಡಿಯಿಂದ ಬಂದಾಗಿಂದ ಹಿಂಗ ಅದಾರ ನೋಡ್ರಿ. ಪಡಸಾಲ್ಯಾಗ ಯಾರರ ಬಂದು ಕುಂತ್ರ ಎದ್ದು ಹೋಗ್ತಾರ. ಮೊಮ್ಮಕ್ಕಳನ್ನ ಹತ್ರ ಕರಕೊಳ್ಳಂಗಿಲ್ಲ. ಮದವಿ ಮುಂಜಿ ಏನೂ ಬ್ಯಾಡ ಅಂತಾರ.” ದೊಡ್ಡವ್ವ ಹಿತ್ತಲ ಬಾಗಿಲಿನ ಹತ್ತಿರ, ಗಾಳಿ ಹೊರಕ್ಕೆ ಬೀಸುವ ಕಡೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

ನಾನು ಎಲ್ಲವನ್ನೂ ಹೇಳಿದೆ. ಜಾಲರಿ, ಬಾಗು, ರಬ್ಬರ್ ಚಾಪೆ, ಬಕೆಟು. ಕೈಯಲ್ಲಿ ಬಟ್ಟಲು ಹಿಡಿದು ನೀರು ಹೇಗೆ ನಿಲ್ಲುತ್ತದೆಂದು ತೋರಿಸಿದೆ. ಅವಳು ಪೂರ್ತಿ ಕೇಳಿದಳು. ಸಣ್ಣಗೆ ನಕ್ಕಳು.

“ನೀ ಭಾಳ ಒಳ್ಳೆಯವ ಅದಿಯೋ ತಮ್ಮಾ. ಇದನ್ನ ಹೇಳಾಕ ಇಷ್ಟ ದೂರ ಬಂದಿ.”

“ದೊಡ್ಡವ್ವ, ನಿನ್ನಾಣಿ ಖರೇ ಐತಿ. ನಿನಗ ಗಟಾರದ ವಾಸನಿ ಗೊತ್ತಾಗಲಿಲ್ಲೇನು? ನಿನ್ನ ಮೂಗಿಗಿ?”

ಅವಳು ಬೆರಳಿನಿಂದ ಮೂಗು ಮುಟ್ಟಿಕೊಂಡಳು. “ಮೂಗು ಎಲ್ಲೈತೋ? ವಾಸನಿ ಹತ್ತೂದು ಬಿಟ್ಟು ಭಾಳ ದಿನ ಆತು. ಯಾರಿಗೂ ಹೇಳಿಲ್ಲ. ನಿಮ್ಮ ಮನ್ಯಾಗ ನೀವೆಲ್ಲಾ ಮೂಗು ಮುಚ್ಚಿಕೊಂಡು ತಿರಗ್ತಿದ್ರಿ. ನಾ ಕುಂತಲ್ಲೆ ನಿಂಬಿಹಣ್ಣು ಇಡ್ತಿದ್ರಿ. ನನ್ನ ಹಾಸಗಿ ಬಿಸಲಿಗಿ ಹಾಕ್ತಿದ್ರಿ. ನನಗ ಮಾತ್ರ ಏನೂ ಹತ್ತವಲ್ದು. ತನ್ನ ಬೆನ್ನು ತನಗ ಕಾಣಂಗಿಲ್ಲ, ಅದಕ್ಕ ನಿನ್ನ ಕೇಳಿದ್ನಿ.”

“ನಾ ಸುಳ್ಳು ಹೇಳಿದ್ನಿ ದೊಡ್ಡವ್ವ.”

“ಹೌದಲ್ಲ? ಗಟಾರ ನಾರಿದ್ರ ಮುಚ್ಚಿಡಾಕ ಏನಿತ್ತೋ? ಗಟಾರ ನಾರತೈತಿ ಅಂದ್ರ ಯಾರಿಗಿ ಬ್ಯಾನಿ ಆಗತೈತಿ? ಮನಷ್ಯಾರು ನಾರಿದ್ರ ಅಷ್ಟ ನಮ್ಮ ಮಂದಿ ಬಾಯಿ ಮುಚ್ಚತಾರ. ಅವಾಗ ಸುಳ್ಳು ಹೇಳಿದಿ, ನನ್ನ ಮ್ಯಾಲಿನ ಪ್ರೀತಿಗಿ. ಈಗೂ ಅದಕ್ಕ ಹೇಳಾಕತ್ತಿ. ಹೋಗು, ಕೈಕಾಲು ತೊಳಕೊ. ಉಂಡ ಹೋಗು.”

ನಾನು ಉಂಡು ಬಂದೆ. ಬೇರೇನು ಮಾಡಲಿ? ಗಟಾರವನ್ನು ಸಾಕ್ಷಿಗೆ ಕರೆತರುವಂತಿರಲಿಲ್ಲ.

ಮುಂದೆ ಮಳೆಗಾಲದಲ್ಲಿ ನನ್ನ ಮಗಳು ನಮ್ಮ ಮನೆಯಲ್ಲೇ ಹೆತ್ತಳು. ಎರೆಯಲು ದೊಡ್ಡವ್ವನನ್ನು ಕರೆದೆವು, ಬರಲಿಲ್ಲ. ಮಂಡಿಯ ನೆಪ ಹೇಳಿದಳು. ತೊಟ್ಟಿಲಿಗೆ ಹಾಕುವ ದಿನ ಮಾತ್ರ ಅವಳ ಮಗ ಒತ್ತಾಯ ಮಾಡಿ ಕರೆತಂದ. ಒಳಗೆ ಬರಲೊಲ್ಲದೆ ಪೆಂಡಾಲಿನ ತುದಿಯಲ್ಲಿ ಕುಳಿತಳು. ಹೆಂಗಸರು ಜೋಗುಳ ಹಾಡಿದರು, ಹೆಸರಿಟ್ಟರು. ಎಲ್ಲ ಮುಗಿದ ಮೇಲೆ ನನ್ನ ಮಗಳು ತಾನೇ ಕೂಸನ್ನೆತ್ತಿಕೊಂಡು ಅವಳ ಹತ್ತಿರ ಹೋಗಿ, “ಅಜ್ಜೀ, ನೀ ನೆತ್ತಿ ಮೂಸಿಲ್ಲ ಅಂದ್ರ ಇದು ನಮ್ಮ ಮನಿ ಕೂಸ ಹೆಂಗ ಆಗತೈತಿ?” ಎಂದು ಅವಳ ತೊಡೆಯ ಮೇಲೆ ಇಟ್ಟುಬಿಟ್ಟಳು.

ದೊಡ್ಡವ್ವನ ಕೈಗಳು ತಾವಾಗಿಯೇ ಅದನ್ನು ಹಿಡಿದವು. ಬಾಗಿ ನೆತ್ತಿಗೆ ಮೂಗು ಹಚ್ಚಿದಳು. ಏನೂ ಹತ್ತದ ಮೂಗು ಅದೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅವಳ ಮುಖ ಮೊದಲಿನ ಹಾಗೆ ಅರಳಿತು. ಆಗ ಕೂಸು ಅತ್ತಿತು. ಹಸಿದಿತ್ತು, ಮಂದಿಯ ಗದ್ದಲಕ್ಕೆ ಬೇಸತ್ತಿತ್ತು, ಅಂದು ಎತ್ತಿಕೊಂಡವರೆಲ್ಲರ ಕೈಯಲ್ಲೂ ಅತ್ತಿತ್ತು. ನಾನು ಅದನ್ನೇ ಕೂಗಿ ಹೇಳಿದೆ, “ಹಸಿದೈತಿ ದೊಡ್ಡವ್ವ, ಮುಂಜಾನಿಂದ ಅಳಾಕತ್ತೈತಿ!” ಅವಳು ಅಷ್ಟರಲ್ಲಿ ಕೂಸನ್ನು ಮಗಳ ಕೈಗೆ ದಾಟಿಸಿದ್ದಳು. ನನ್ನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, “ಕೂಸಿಗಿ ಸುಳ್ಳು ಹೇಳಾಕ ಬರಂಗಿಲ್ಲ ನೋಡು” ಎಂದಳು.

ಆ ಚಳಿಗಾಲ ಅವಳು ತೀರಿಕೊಂಡಳು. ಮತ್ತೆ ಯಾರ ಕೂಸನ್ನೂ ಎತ್ತಿಕೊಂಡಿರಲಿಲ್ಲವಂತೆ.

ನಿನ್ನೆ ಕಿಟಕಿಗಳನ್ನೆಲ್ಲ ತೆಗೆದು, ಚಹಾ ಕುಡಿಯುತ್ತ ಶೋಭಾಳ ಎದುರು ಕುಳಿತೆ. ಬಿಸಿಲಲ್ಲಿ ಪ್ರಯಾಣ ಮಾಡಿ ಬಂದ ಮೈ. ಈಚೆಗೆ ನನ್ನ ಮೂಗೂ ಮೊದಲಿನಂತೆ ಇಲ್ಲ. ಗಟಾರದಂಥ ಘಾಟು ಬಿಟ್ಟರೆ ಉಳಿದದ್ದು ಅಷ್ಟಾಗಿ ತಿಳಿಯುವುದಿಲ್ಲ, ಅಂಗಡಿಯಲ್ಲಿ ನಿಂಬೆಯ ವಾಸನೆ ಕೂಡ ಈಗ ಹತ್ತಿರ ಹಿಡಿದರಷ್ಟೇ ಹತ್ತುತ್ತದೆ. ಇದನ್ನು ನಾನೂ ಯಾರಿಗೂ ಹೇಳಿರಲಿಲ್ಲ. ಏನನ್ನಿಸಿತೋ, ಕೇಳಿಯೇಬಿಟ್ಟೆ.

“ಶೋಭಾ, ಖರೇ ಹೇಳು. ನಾ ಏನರ ನಾರಾಕತ್ತೇನೇನು?”

ಅವಳು ಚಹಾದ ಬಸಿಯಿಂದ ತಲೆ ಎತ್ತಲಿಲ್ಲ. “ಹೂಂ, ನಾರಾಕತ್ತೀರಿ. ಚಹಾ ಕುಡದು ಜಳಕಾ ಮಾಡ್ರಿ” ಎಂದಳು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಮೈಮೇಲೆ ನೀರು ಸುರಿದುಕೊಂಡೆ. ದೊಡ್ಡವ್ವನಿಗೆ ಇಂಥ ಒಂದು ಖರೇ ಉತ್ತರ ನನ್ನಿಂದ ಸಿಗಲಿಲ್ಲ. ಎಷ್ಟೋ ಹೊತ್ತು ಅತ್ತೆ.